ಸೂರಿನ ನೀರು ಬೀಳುವ ಜಾಗ

ಮೇಜಿನ ಮೇಲೆ ಹಾಸಿದ್ದ ಹಳೇ ಪತ್ರಿಕೆಯ ಹಾಳೆಯಲ್ಲಿ ಆ ಮೂಳೆ ಒಣಗುತ್ತಿತ್ತು. ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದ, ನಡುವೆ ಸಪೂರ, ಎರಡೂ ತುದಿ ಅಗಲ. ಕ್ಯಾಲಿಪರ್ ಹಿಡಿದು ಅಳೆದೆ. 74 ಮಿಲಿಮೀಟರ್.

"ನಲವತ್ತು ವಾರ" ಅಂದೆ. ಯಾರೂ ಕೇಳಿರಲಿಲ್ಲ, ಬಾಯಿಂದ ತಾನಾಗಿ ಬಂತು.

ಪಕ್ಕದಲ್ಲಿದ್ದ ಮೂಳೆತಜ್ಞೆ ತಮ್ಮ ಕೋಷ್ಟಕದ ಮೇಲೆ ಬೆರಳಾಡಿಸಿ ನೋಡಿದರು. "ಹೌದು, ಹೆರಿಗೆಯ ಹೊತ್ತಿನದ್ದೇ. ನಿಮಗೆ ಹೇಗೆ ಗೊತ್ತಾಯಿತು?"

ಹೇಗೆ ಗೊತ್ತು ಅಂದರೆ, ನನ್ನ ಕೆಲಸವೇ ಅದು. ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ನಿಗಾ ಘಟಕದ ನರ್ಸ್ ಆಗಿದ್ದೇನೆ. ಬಸಿರಿಯ ಸ್ಕ್ಯಾನ್ ರಿಪೋರ್ಟಿನಲ್ಲಿ ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ ಜೊತೆಗೆ ತೊಡೆಮೂಳೆಯ ಉದ್ದವೂ ಇರುತ್ತದೆ. ದಿನ ತುಂಬಿದ ಕೂಸಿನದ್ದು ಹೆಚ್ಚುಕಡಿಮೆ ಇದೇ ಅಳತೆ. ಸಾವಿರ ವರ್ಷದ ಹಿಂದೆ ಮಣ್ಣಿಗೆ ಹೋದ ಮಗುವಿನ ಮೂಳೆಯೂ ನಿನ್ನೆಯ ಸ್ಕ್ಯಾನಿನ ನೆರಳೂ ಒಂದೇ ಕೋಷ್ಟಕದ ಒಂದೇ ಸಾಲಿಗೆ ಬಂದು ನಿಲ್ಲುತ್ತವೆ ಎಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಅವತ್ತಿನಿಂದ ಈ ಮಕ್ಕಳು ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಊರಿನ ಹೆಸರು ಹೇಳುವುದಿಲ್ಲ. ರಾತ್ರಿ ಹೊತ್ತು ಲೋಹಶೋಧಕ ಹಿಡಿದು ಹೊಲಗಳಿಗೆ ನುಗ್ಗುವವರ ಕಾಟ ಇಲ್ಲಿ ಬಹಳ. ಇಂಗ್ಲೆಂಡಿನ ನಡುಭಾಗದ ಒಂದು ಹಳ್ಳಿ ಅಂದುಕೊಳ್ಳಿ. ನೀರಿನ ಪೈಪು ಹಾಯಿಸಬೇಕಿದ್ದ ಹೊಲದಲ್ಲಿ ಮೊದಲೇ ಪರೀಕ್ಷೆಗೆಂದು ತೋಡಿದ ಕಂದಕದಲ್ಲಿ ಮನುಷ್ಯರ ಮೂಳೆ ಬಂತು. ಯಾವ ನಕ್ಷೆಯಲ್ಲೂ ಇರದ ಚರ್ಚು, ಅದರ ಸುತ್ತ ಗೋರಿಗಳು. ಹೊಲದಲ್ಲಿ ಅಗೆಯುವುದು ಪರಿಣತರ ಕೆಲಸ. ಹಳ್ಳಿಯ ಸಭಾಭವನದಲ್ಲಿ ಮೂಳೆ ತೊಳೆದು, ಒಣಗಿಸಿ, ಚೀಟಿ ಅಂಟಿಸುವ ಕೆಲಸಕ್ಕೆ ನಮ್ಮಂಥ ಸ್ವಯಂಸೇವಕರು. ನನ್ನ ರಜೆಯ ದಿನಗಳು ಎರಡು ಬೇಸಿಗೆ ಅಲ್ಲೇ ಕಳೆದವು.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಲ್ಲ ಕಣೇ, ರಜೆ ದಿನ ಹೆಣದ ಮೂಳೆ ತೊಳೆಯೋಕೆ ಹೋಗ್ತೀಯಾ? ಮನೆಗೆ ಬಂದ ತಕ್ಷಣ ತಲೆಗೆ ಸ್ನಾನ ಮಾಡು" ಅಂದಳು. "ಮಾಡ್ತೀನಮ್ಮ" ಅಂದೆ. ಮಾಡುತ್ತಲೂ ಇದ್ದೆ. ಅಮ್ಮನ ಮಾತು ನನಗೆ ಸಣ್ಣದಾಗಿ ಕಾಣಲಿಲ್ಲ. ಸ್ಮಶಾನ ಎಂದರೆ ಊರಾಚೆ ಇರುವುದು ಎಂದು ತಿಳಿದು ಬೆಳೆದವರು ನಾವು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಅದು ಊರಿನ ನಟ್ಟನಡುವೆ. ಮದುವೆಗೆ ಬಂದವರು ಅಜ್ಜ ಅಜ್ಜಿಯ ಗೋರಿ ದಾಟಿಕೊಂಡೇ ಚರ್ಚಿನ ಬಾಗಿಲಿಗೆ ಹೋಗಬೇಕು. ಸತ್ತವರನ್ನು ಅಷ್ಟು ಹತ್ತಿರ ಇಟ್ಟುಕೊಂಡ ಜನರು ಕೊನೆಗೆ ಚರ್ಚನ್ನೂ ಗೋರಿಗಳನ್ನೂ ಒಟ್ಟಿಗೆ ಮರೆತದ್ದು ಹೇಗೆ? ನನಗೆ ಮೊದಲು ಬಂದ ಪ್ರಶ್ನೆ ಅದೇ.

ಮರೆಯುವುದಕ್ಕೆ ದಾರಿಗಳು ಹಲವು. ಯಾರ್ಕ್ ನಗರದಲ್ಲಿ ಚರ್ಚುಗಳೇ ಹೆಚ್ಚಾಗಿದ್ದವು. ಜನ ಕಡಿಮೆಯಾಗಿ ಊರು ಬಡವಾದ ಮೇಲೆ ಅಷ್ಟನ್ನೂ ಸಾಕುವವರಿಲ್ಲದೆ, ಪ್ಯಾರಿಷ್‌ಗಳನ್ನು (ಒಂದೊಂದು ಚರ್ಚಿಗೆ ಸೇರಿದ ಪ್ರದೇಶಗಳನ್ನು) ಒಂದರೊಳಗೊಂದು ಸೇರಿಸಲು 1547ರಲ್ಲಿ ಕಾನೂನೇ ಬಂತು. 1586ರಲ್ಲಿ ಅದು ಪೂರ್ತಿಯಾಗಿ ಜಾರಿಯಾಯಿತು. ಬೇಡವಾದ ಚರ್ಚುಗಳ ಕಲ್ಲು, ಸೀಸ, ಮರ ಮಾರಾಟವಾದವು. ವ್ಹಾರಮ್ ಪರ್ಸಿ ಎಂಬ ಹಳ್ಳಿಯಲ್ಲಿ 1500ರ ಸುಮಾರಿಗೆ ಕುರಿ ಮೇಯಿಸಲು ಊರನ್ನೇ ಖಾಲಿ ಮಾಡಿಸಿದರು. ಚರ್ಚು ಮಾತ್ರ ಅಕ್ಕಪಕ್ಕದ ಹಳ್ಳಿಯವರಿಗಾಗಿ ಶತಮಾನಗಳ ಕಾಲ ಒಂಟಿಯಾಗಿ ನಿಂತಿತು. ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಊರು ದೂರ ಸರಿದು ಹೊಸ ಚರ್ಚು ಕಟ್ಟಿಕೊಂಡಿತು. 1080ರ ಹೊತ್ತಿಗೆ ಕಟ್ಟಿದ್ದ ಹಳೆಯದು ಪಾಳುಬಿದ್ದು 1966ರಲ್ಲಿ ನೆಲಸಮವಾಯಿತು. ಮೊನ್ನೆ ಮೊನ್ನೆ ಅತಿವೇಗದ ರೈಲು ಮಾರ್ಗಕ್ಕಾಗಿ ಅಗೆದಾಗ ಸುಮಾರು 3,000 ಜನರ ಅವಶೇಷ ಅಲ್ಲಿತ್ತು. ಅದರ ಕೆಳಗೆ ರೋಮನ್ ಕಾಲದ ಮೂರು ಕಲ್ಲಿನ ಮುಖಗಳು. 1966 ಅಂದರೆ ನನ್ನ ಅಪ್ಪ ಶಾಲೆಗೆ ಹೋಗುತ್ತಿದ್ದ ಕಾಲ. ಮರೆಯಲು ಶತಮಾನಗಳು ಬೇಕಿಲ್ಲ.

ನಮ್ಮ ಹೊಲದ ಚರ್ಚು ಹೇಗೆ ಹೋಯಿತೆಂಬುದು ನೆಲದಲ್ಲೇ ಬರೆದಂತಿತ್ತು. ಒಂದು ಸಂಜೆ ಮೇಲ್ವಿಚಾರಕರು ನಮ್ಮನ್ನು ಕಂದಕದ ಅಂಚಿಗೆ ಕರೆದುಕೊಂಡು ಹೋಗಿ ತೋರಿಸಿದರು. ಗೋಡೆ ಇರಬೇಕಾದ ಕಡೆ ಗೋಡೆ ಇಲ್ಲ. ಬದಲಿಗೆ ಒಂದು ಕಾಲುವೆಯಷ್ಟು ಅಗಲದ ಪಟ್ಟಿ. ಅದರೊಳಗೆ ಒಡೆದ ಸುಣ್ಣದ ಗಾರೆ, ಯಾರಿಗೂ ಬೇಡವಾದ ಚೂರುಕಲ್ಲು, ಸಡಿಲ ಮಣ್ಣು. ಒಳ್ಳೆಯ ಕಲ್ಲು ಬೇಕಾದವರು ಅಡಿಪಾಯದವರೆಗೂ ಅಗೆದು ಕಿತ್ತುಕೊಂಡು ಹೋಗಿ, ಉಳಿದ ಕಸವನ್ನು ಗುಂಡಿಗೆ ತಳ್ಳಿದ್ದಾರೆ. ಆ ಕಲ್ಲುಗಳು ಊರಿನ ಯಾವುದೋ ಕೊಟ್ಟಿಗೆಯ ಗೋಡೆಯಲ್ಲಿ ಇವತ್ತಿಗೂ ಇರಬಹುದು. ಗೋಡೆ ಹೋಗಿದೆ, ಗೋಡೆಯ ಅಚ್ಚು ಉಳಿದಿದೆ. ಅಗೆಯುವವರು ಓದುವುದು ಆ ಅಚ್ಚನ್ನು.

ಉತ್ತರದ ಕಡೆ ಅದೂ ಇರಲಿಲ್ಲ. ಅಲ್ಲಿ ನೇಗಿಲು ಆಳಕ್ಕೆ ಇಳಿದು ಎಲ್ಲವನ್ನೂ ಕಲಸಿಬಿಟ್ಟಿತ್ತು. ಗೋಡೆ ಎಲ್ಲಿತ್ತೆಂದು ಹೇಳಲು ಒಂದು ಗೆರೆಯೂ ಸಿಗಲಿಲ್ಲ. ಸಿಕ್ಕಿದ್ದು ಸಣ್ಣ ಸಣ್ಣ ಗೋರಿಗಳ ಸಾಲು. ಒಂದು ಮೊಳ, ಒಂದೂವರೆ ಮೊಳ ಉದ್ದದ ಗುಳಿಗಳು, ಒಂದರ ಪಕ್ಕ ಒಂದು, ದಾರ ಹಿಡಿದು ಎಳೆದಂತೆ. ಮೇಲ್ವಿಚಾರಕರು ಆ ಸಾಲಿನ ಉದ್ದಕ್ಕೂ ಕೈಯಾಡಿಸಿ ತೋರಿಸುತ್ತ, "ಗೋಡೆ ಇಲ್ಲಿತ್ತು. ಮಾಡಿನ ನೀರು ಇವರ ಮೇಲೆ ಬೀಳುತ್ತಿತ್ತು" ಅಂದರು.

ಅವರು ಬಳಸಿದ 'ಈವ್ಸ್' ಎಂಬ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ನನಗೆ ಹುಡುಕಾಟವೇ ಬೇಕಾಗಲಿಲ್ಲ. ಸೂರು. ಮಾಡಿನ ಅಂಚೂ ಅದೇ, ತಲೆಯ ಮೇಲಿನ ಆಸರೆಯೂ ಅದೇ. ಮನೆಯಿಲ್ಲದವರನ್ನು ಸೂರಿಲ್ಲದವರು ಅನ್ನುತ್ತೇವಲ್ಲ.

ಸಭಾಭವನಕ್ಕೆ ವಾಪಸ್ ಬಂದ ಮೇಲೆ ಮೂಳೆತಜ್ಞೆ ರಾಂಡ್ಸ್ ಬಗ್ಗೆ ಹೇಳಿದರು. ನಾರ್ಥಾಂಪ್ಟನ್‌ಶೈರಿನ ಪುಟ್ಟ ಊರು ಅದು. ಅಲ್ಲಿ ಎತ್ತರದ ಶಿಖರದ ಸೇಂಟ್ ಪೀಟರ್ ಚರ್ಚು ಇವತ್ತಿಗೂ ನಿಂತಿದೆ. ಆದರೆ ಊರಿನ ಇನ್ನೊಂದು ಕಡೆ, ಫರ್ನೆಲ್ಸ್ ಎಂಬ ಜಹಗೀರಿನ ನೆಲದಲ್ಲಿ, 1970ರ ದಶಕದ ಕೊನೆಯಿಂದ 80ರ ದಶಕದ ಮೊದಲ ವರ್ಷಗಳವರೆಗೆ ಅಗೆದಾಗ ಇನ್ನೊಂದು ಚರ್ಚಿನ ಬುಡ ಸಿಕ್ಕಿತು. ಹತ್ತನೇ ಶತಮಾನದ್ದು, ಒಂದೇ ಕೋಣೆಯದ್ದು. ಒಳಗೆ ನಾಲ್ಕೂವರೆ ಮೀಟರ್ ಉದ್ದ, ಮೂರು ಮೀಟರ್ ಅಗಲ. ನಮ್ಮ ಘಟಕದಲ್ಲಿ ನಾಲ್ಕು ಇನ್‌ಕ್ಯುಬೇಟರ್ ಇಡುವ ಕೋಣೆ ಅದಕ್ಕಿಂತ ದೊಡ್ಡದು. ಆಮೇಲೆ ಅದಕ್ಕೆ ಪೂರ್ವದಲ್ಲಿ ಪೂಜಾಪೀಠದ ಕೋಣೆ ಸೇರಿತು, ಸುತ್ತ ಗೋರಿಗಳು ಬಂದವು, ಮುಂದೆ ಹಳೆಯದರ ಜಾಗದಲ್ಲೇ ದೊಡ್ಡ ಚರ್ಚು ಎದ್ದಿತು. ಕೊನೆಗೆ ಒಡೆಯರು ಆ ಚರ್ಚನ್ನೇ ತಮ್ಮ ಮನೆಯ ಕಟ್ಟಡಗಳಲ್ಲಿ ಒಂದಾಗಿ ಮಾಡಿಕೊಂಡರು. ದೇವರ ಮನೆ ಮನುಷ್ಯರ ಮನೆಯಾಯಿತು. 360ಕ್ಕೂ ಹೆಚ್ಚು ಜನರು ನೆಲದೊಳಗೇ ಉಳಿದರು.

ಒಡೆಯರು ಚರ್ಚು ಕಟ್ಟಿಸಿದ್ದೇಕೆ ಎಂಬುದಕ್ಕೆ ಭಕ್ತಿಯೊಂದೇ ಉತ್ತರವಲ್ಲ. ಹನ್ನೊಂದನೇ ಶತಮಾನದ ಆರಂಭದಲ್ಲಿ ಯಾರ್ಕಿನ ಆರ್ಚ್‌ಬಿಷಪ್ ವುಲ್ಫ್‌ಸ್ಟನ್ ಬರೆದಿಟ್ಟದ್ದೊಂದಿದೆ: ಸಾಮಾನ್ಯ ರೈತನೊಬ್ಬ ಏಳಿಗೆ ಹೊಂದಿ ಐದು 'ಹೈಡ್' (ಆ ಕಾಲದ ನೆಲದ ಅಳತೆ) ಭೂಮಿ, ಚರ್ಚು, ಅಡುಗೆಮನೆ, ಗಂಟೆಮನೆ, ಕೋಟೆಬಾಗಿಲು ಇಷ್ಟನ್ನು ಸಂಪಾದಿಸಿದರೆ ಅವನು ಥೇನ್, ಅಂದರೆ ಗೌರವಸ್ಥ ಒಡೆಯ, ಎನಿಸಿಕೊಳ್ಳಬಹುದು. ಚರ್ಚು ಮತ್ತು ಅಡುಗೆಮನೆ ಒಂದೇ ಪಟ್ಟಿಯಲ್ಲಿ! ಅದಕ್ಕೂ ಮೊದಲು ರಾಜ ಎಡ್ಗರ್‌ನ ಕಾನೂನು ಇನ್ನೂ ಸ್ಪಷ್ಟವಾಗಿದೆ. ಒಡೆಯನ ಸ್ವಂತ ನೆಲದ ಚರ್ಚಿಗೆ ಗೋರಿಗಳ ಅಂಗಳ ಇದ್ದರೆ ಅವನ ದಶಮಾಂಶದಲ್ಲಿ, ಅಂದರೆ ಚರ್ಚಿಗೆ ಸಲ್ಲಬೇಕಾದ ಹತ್ತನೇ ಒಂದು ಪಾಲಿನಲ್ಲಿ, ಮೂರನೇ ಒಂದು ಪಾಲು ಅಲ್ಲಿಗೇ ಕೊಡಬಹುದು. ಅಂಗಳ ಇಲ್ಲದಿದ್ದರೆ ದಶಮಾಂಶವೆಲ್ಲ ಹಳೆಯ ದೊಡ್ಡ ಚರ್ಚಿಗೆ, ಇವನ ಪಾದ್ರಿಗೆ ಕೊಡುವುದು ಉಳಿದ ಒಂಬತ್ತು ಪಾಲಿನಿಂದ. ಅದರ ಮೇಲೆ ಸತ್ತವರ ಆತ್ಮಕ್ಕೆಂದು ಕಾಣಿಕೆ ಬೇರೆ. ಅದನ್ನು ಗೋರಿಯ ಬಾಯಿ ತೆರೆದಿರುವಾಗಲೇ ಕೊಡುವುದು ಒಳ್ಳೆಯದು ಎಂದು 1008ರ ಒಂದು ಕಾನೂನು ಹೇಳುತ್ತದೆ. ಹೆಣ ಎಲ್ಲಿ ಹೂಳುತ್ತಾರೋ ಹಣ ಅಲ್ಲಿಗೆ. ಇಂಗ್ಲೆಂಡಿನ ಪ್ಯಾರಿಷ್ ವ್ಯವಸ್ಥೆ ಬೇರೂರಿದ್ದು ಇಂಥ ಸಣ್ಣ ಸಣ್ಣ ಅಂಗಳಗಳಲ್ಲೂ.

ಇದನ್ನು ಓದಿಕೊಂಡಾಗ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಕೂಸುಗಳಿಗೆ ಬಂದಾಗ ಈ ಲೆಕ್ಕ ಎಲ್ಲವನ್ನೂ ಹೇಳುವುದಿಲ್ಲ.

ರಾಂಡ್ಸ್‌ನಲ್ಲಿ ದೊಡ್ಡವರ ಗೋರಿಗಳು ಸಾಲಾಗಿ ಇದ್ದವು. ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ, ಸತ್ತವರೆಲ್ಲ ಏಳುತ್ತಾರೆಂದು ಕ್ರೈಸ್ತರು ನಂಬುವ ಕಡೆಯ ದಿನ ಎದ್ದು ನಿಂತಾಗ ಮುಖ ಮೂಡಣಕ್ಕಿರಲಿ ಎಂದು. ಕೆಲವರ ತಲೆಯ ಎರಡೂ ಬದಿಗೆ ಕಲ್ಲು ಒತ್ತರಿಸಿಟ್ಟಿದ್ದರು, ತಲೆ ಆಚೀಚೆ ವಾಲದಂತೆ. ಇದು ನನಗೆ ಎಷ್ಟು ಪರಿಚಿತ! ಅವಧಿಗೆ ಮುಂಚೆ ಹುಟ್ಟಿದ ಕೂಸಿನ ತಲೆಯ ಎರಡೂ ಪಕ್ಕ ಬಟ್ಟೆಯ ಸುರುಳಿ ಇಡುವುದು ನಾನು ದಿನಾ ಮಾಡುವ ಕೆಲಸ. ಇನ್ನು ಕೂಸುಗಳು, ಎರಡು ವರ್ಷ ತುಂಬದವು, ಚರ್ಚಿನ ಗೋಡೆಗೆ ಆತುಕೊಂಡಂತೆ ಸುತ್ತ ಗುಂಪುಗೂಡಿದ್ದವು. ಸೂರಿನ ಕೆಳಗೆ. ಕೇಂಬ್ರಿಜ್ ಬಳಿಯ ಚೆರಿ ಹಿಂಟನ್‌ನಲ್ಲಿ ಸಿಕ್ಕ ಇನ್ನೊಂದು ಕಳೆದುಹೋದ ಚರ್ಚಿನಲ್ಲೂ ಹೀಗೆಯೇ. ಈ ಮಾದರಿಯನ್ನು ಹಲವು ಕಡೆ ಹೋಲಿಸಿ ನೋಡಿದವರು ಪುರಾತತ್ವ ಸಂಶೋಧಕಿ ಎಲಿಜಬೆತ್ ಕ್ರೇಗ್-ಆಟ್ಕಿನ್ಸ್. ಯಾರೋ ಒಬ್ಬ ತಾಯಿಯ ಹಟ ಅಲ್ಲ ಇದು, ಊರೂರುಗಳ ರೂಢಿ.

ಏಕೆ ಎಂದರೆ ಎಲ್ಲರೂ ಹೇಳುವ ಒಂದು ವಿವರಣೆ ಇದೆ. ಜ್ಞಾನಸ್ನಾನ, ಅಂದರೆ ನೀರು ಹಾಕಿ ಕ್ರೈಸ್ತಧರ್ಮಕ್ಕೆ ಸೇರಿಸುವ ವಿಧಿ, ಆಗದೆ ಸತ್ತ ಕೂಸಿಗೆ ಸ್ವರ್ಗದ ಬಾಗಿಲು ಮುಚ್ಚಿರುತ್ತದೆ. ಚರ್ಚಿನ ಮಾಡು ಪವಿತ್ರ. ಅದರ ಮೇಲೆ ಹರಿದು ಬಂದ ಮಳೆನೀರೂ ಪವಿತ್ರ. ಆ ನೀರು ಸೂರಿನಿಂದ ತೊಟ್ಟಿಕ್ಕಿ ಗೋರಿಗಿಳಿದರೆ, ಪಾದ್ರಿಯಿಂದ ಆಗದ್ದು ಮಳೆಯಿಂದ ಆಗುತ್ತದೆ. ಕೇಳಿದವರೆಲ್ಲ ಕಣ್ಣು ಒದ್ದೆ ಮಾಡಿಕೊಳ್ಳುವ ಮಾತು. ನನ್ನ ಕಣ್ಣೂ ಒದ್ದೆಯಾಯಿತು. ಆದರೆ ಹೀಗೆಂದು ಬರೆದಿಟ್ಟ ಆ ಕಾಲದ ಒಂದು ಸಾಲೂ ಇಲ್ಲ. ನೆಲದಲ್ಲಿ ಗೋರಿಗಳು ಮಾತ್ರ ಇವೆ.

ಇದನ್ನು ನಾನು ಅಷ್ಟು ಸುಲಭವಾಗಿ ಒಪ್ಪದಿರಲು ಕಾರಣ ನನ್ನ ಕೆಲಸ. ಕೂಸನ್ನು ಜ್ಞಾನಸ್ನಾನವಿಲ್ಲದೆ ಬಿಡುವುದು ಆ ಕಾಲದವರಿಗೆ ಹಗುರದ ವಿಷಯ ಆಗಿರಲಿಲ್ಲ. ಏಳನೇ ಶತಮಾನದ ಕೊನೆಯಲ್ಲೇ ವೆಸೆಕ್ಸಿನ ರಾಜ ಈನೆ, ಹುಟ್ಟಿದ 30 ದಿನದೊಳಗೆ ಅದು ಆಗದಿದ್ದರೆ 30 ಶಿಲಿಂಗ್ ದಂಡ ಎಂದ. ಮಗು ಹಾಗೆಯೇ ಸತ್ತರೆ ಇದ್ದುದೆಲ್ಲ ಮುಟ್ಟುಗೋಲು. ಹನ್ನೊಂದನೇ ಶತಮಾನದ ಹೊತ್ತಿಗೆ ಉತ್ತರದ ಕಡೆಯ ಪಾದ್ರಿಗಳ ನಿಯಮದಲ್ಲಿ ಗಡುವು 9 ದಿನಕ್ಕೆ ಇಳಿದಿತ್ತು. ಮುಂದೆ, 1400ರ ಆಸುಪಾಸಿನಲ್ಲಿ, ಶ್ರಾಪ್‌ಶೈರಿನ ಜಾನ್ ಮರ್ಕ್ ಹಳ್ಳಿಯ ಪಾದ್ರಿಗಳಿಗಾಗಿ ಪದ್ಯದಲ್ಲಿ ಬರೆದ ಸೂಚನೆಗಳಲ್ಲಿ ಸೂಲಗಿತ್ತಿಗೆ ಒಂದು ಪಾಠವಿದೆ: ಕೂಸು ಉಳಿಯುವುದು ಅನುಮಾನ ಅನ್ನಿಸಿದರೆ, ತಲೆಯಷ್ಟೇ ಹೊರಬಂದಿದ್ದರೂ ಸರಿ, ನೀನೇ ನೀರು ಹಾಕು. ಲ್ಯಾಟಿನ್ ಬರದಿದ್ದರೆ ನಿನ್ನ ಮಾತಿನಲ್ಲೇ ಹೇಳು.

ಆ ಸಾಲು ಓದಿದಾಗ ನನಗೆ ಮೈ ಜುಂ ಎಂದಿತು. ಏಕೆಂದರೆ ಅದನ್ನು ನಾನು ಮಾಡಿದ್ದೇನೆ. ಕೆಲವು ವರ್ಷದ ಹಿಂದೆ, ಬೆಳಗಿನ ಮೂರು ಗಂಟೆಯ ಹೊತ್ತು, ಇಪ್ಪತ್ತಮೂರು ವಾರಕ್ಕೆ ಹುಟ್ಟಿದ ಕೂಸು. ಆಸ್ಪತ್ರೆಯ ಪಾದ್ರಿ ಕಾರಿನಲ್ಲಿ ಬರುತ್ತಿದ್ದರು. ತಲುಪುವುದಿಲ್ಲ ಎಂದು ನಮಗೆಲ್ಲ ಗೊತ್ತಾಗಿತ್ತು. ತಂದೆ ನನ್ನ ಕಡೆ ತಿರುಗಿ, "ನೀವು ಮಾಡ್ತೀರಾ?" ಅಂದರು. ನಾನು ಕ್ರೈಸ್ತಳಲ್ಲ ಎಂದು ಹೇಳಿದೆ. ಪರವಾಗಿಲ್ಲ ಅಂದರು. ನಿಜವಾಗಿಯೂ ಪರವಾಗಿಲ್ಲ. ಜೀವ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ ಮಾಡಬಹುದು ಎಂಬ ಆ ಹಳೆಯ ನಿಯಮ ಇವತ್ತಿಗೂ ಉಳಿದಿದೆ. ಘಟಕದಲ್ಲಿ ಅದಕ್ಕೊಂದು ಚೀಟಿ ಇರುತ್ತದೆ, ಮೂರು ಸಾಲಿನದ್ದು. ಸ್ಟೆರೈಲ್ ನೀರಿನ ಸಣ್ಣ ಶೀಶೆ ಒಡೆದು, ಹತ್ತಿಯ ತುದಿಯಿಂದ ಹಣೆಗೆ ಮೂರು ಸಲ. ಹೆಸರು ಅವರು ಆಗ ಆಗಲೇ ಇಟ್ಟರು. ನನ್ನ ಕೈ ನಡುಗಲಿಲ್ಲ. ಮನೆಗೆ ಹೋದ ಮೇಲೆ ನಡುಗಿತು.

ಹಾಗಾಗಿ ನನಗೆ ಅನ್ನಿಸುವುದು ಇಷ್ಟು. ಸಾವಿರ ವರ್ಷದ ಹಿಂದಿನ ಸೂಲಗಿತ್ತಿಯೂ ಕೈಗೆ ಸಿಕ್ಕ ನೀರು ಹಾಕಿರುತ್ತಾಳೆ. ಸೂರಿನ ಕೆಳಗಿನ ಎಲ್ಲ ಕೂಸುಗಳೂ ಜ್ಞಾನಸ್ನಾನವಿಲ್ಲದವು ಎಂದು ಹೇಳುವಂತಿಲ್ಲ. ವರ್ಷ ತುಂಬಿ ಹಲ್ಲು ಬಂದ ಮಕ್ಕಳೂ ಅಲ್ಲಿದ್ದಾರೆ. ಅವರಿಗೆ ಗಡುವು ಎಂದೋ ಕಳೆದಿತ್ತು. ಅವರನ್ನು ಅಲ್ಲಿಟ್ಟವರಿಗೆ ಬೇಕಾದದ್ದು ನೀರೊಂದೇ ಆಗಿರಲಾರದು. ಗೋಡೆಯೂ ಬೇಕಿತ್ತು. ಒಳಗೆ ಪ್ರಾರ್ಥನೆ ನಡೆಯುವಾಗ ಆ ಸದ್ದಿಗೆ ತೀರ ಹತ್ತಿರದ ಜಾಗ ಅದು. ಒಬ್ಬನೇ ಬಿಡಬಾರದ ವಯಸ್ಸಿನ ಮಗುವನ್ನು ನೀವು ಎಲ್ಲಿ ಮಲಗಿಸುತ್ತೀರಿ? ಮಾತು ಕೇಳಿಸುವ ಕಡೆ.

ಚರ್ಚಿಗೆ ಹತ್ತಿರ ಇರುವುದು ದೊಡ್ಡವರಿಗೂ ಪುಣ್ಯದ ಜಾಗವೇ. ಯಾರ್ಕಿನ ಫಿಶರ್‌ಗೇಟ್‌ನಲ್ಲಿ ಕಣ್ಮರೆಯಾಗಿದ್ದ ಆಲ್ ಸೇಂಟ್ಸ್ ಚರ್ಚನ್ನು 2007ರಲ್ಲಿ ಅಗೆದಾಗ ಪೀಠದ ಪಕ್ಕದ ಅರ್ಧವೃತ್ತದ ಕೋಣೆಯ ನೆಲದಲ್ಲಿ ಒಬ್ಬ ಹೆಂಗಸು ಸಿಕ್ಕಳು, ಮಂಡಿ ಮಡಚಿ ಮುದುಡಿ ಮಲಗಿದ್ದಳು. ಚರ್ಚಿಗೆ ಅಂಟಿದ ಕೋಣೆಯಲ್ಲಿ ತನ್ನನ್ನು ತಾನೇ ಮುಚ್ಚಿಕೊಂಡು 1428ರಿಂದ 1448ರವರೆಗೆ ಪ್ರಾರ್ಥನೆಯಲ್ಲಿ ಕಳೆದ ಲೇಡಿ ಇಸಬೆಲ್ ಜರ್ಮನ್ ಅವಳೇ ಇರಬೇಕು ಎಂದು ಸಂಶೋಧಕರು 2023ರಲ್ಲಿ ಹೇಳಿದರು. ಸಿಫಿಲಿಸ್ ಅವಳ ಮೂಳೆಯನ್ನು ತಿಂದಿತ್ತು. ಚರ್ಚಿನ ಒಳಗೆ, ಪೀಠದ ಹತ್ತಿರ ಜಾಗ ಸಿಗಬೇಕಾದರೆ ಒಬ್ಬ ದೊಡ್ಡವಳು ಇಪ್ಪತ್ತು ವರ್ಷ ಗೋಡೆಯ ನಡುವೆ ಕೂರಬೇಕಾಯಿತು. ಕೂಸುಗಳಿಗೆ ಗೋಡೆಯ ಹೊರಮೈ ಏನೂ ಕೇಳದೆ ಸಿಕ್ಕಿತು.

ಕೆಲಸದ ಬಗ್ಗೆಯೂ ಸ್ವಲ್ಪ ಹೇಳಬೇಕು. ಇಂಥ ಗೋರಿಗಳನ್ನು ತೆರೆಯಲು 1857ರ ಕಾಯ್ದೆಯಂತೆ ನ್ಯಾಯ ಸಚಿವಾಲಯದ ಪರವಾನಗಿ ಬೇಕು. ದಾರಿಹೋಕರ ಕಣ್ಣಿಗೆ ಬೀಳದಂತೆ ಸುತ್ತ ತೆರೆ ಕಟ್ಟಬೇಕು. ಆ ತೆರೆ ನೋಡಿದಾಗಲೆಲ್ಲ ನನಗೆ ವಾರ್ಡಿನಲ್ಲಿ ಹಾಸಿಗೆಯ ಸುತ್ತ ಎಳೆಯುವ ಪರದೆಯ ನೆನಪು. ಕೂಸಿನ ಗೋರಿಯ ಮಣ್ಣನ್ನು ಹೊರಗೆ ಚೆಲ್ಲುವುದಿಲ್ಲ, ಅಷ್ಟನ್ನೂ ಚೀಲಕ್ಕೆ ತುಂಬಿ ತರುತ್ತಾರೆ. ಬೆರಳಿನ ಮೂಳೆ ಅಕ್ಕಿಕಾಳಿನಷ್ಟು, ಇನ್ನೂ ವಸಡಿನೊಳಗೇ ಇದ್ದ ಹಲ್ಲಿನ ಮೊಳಕೆ ಸಣ್ಣ ಚಿಪ್ಪಿನಂತೆ. ಕರಣೆಯಲ್ಲಿ ಕೆರೆದರೆ ಕಳೆದೇಹೋಗುತ್ತವೆ. ನಾವು ಜರಡಿಯಲ್ಲಿ ನೀರು ಬಿಟ್ಟು ಮಣ್ಣು ಕರಗಿಸಿ, ಉಳಿದದ್ದನ್ನು ಚಿಮುಟದಲ್ಲಿ ಹೆಕ್ಕುತ್ತಿದ್ದೆವು. ದೊಡ್ಡವರ ದೇಹದಲ್ಲಿ 206 ಮೂಳೆ, ಹುಟ್ಟಿದ ಕೂಸಿನಲ್ಲಿ ಇನ್ನೂ ಕೂಡಿಕೊಳ್ಳದ ತುಣುಕುಗಳು ಸೇರಿ ಅದಕ್ಕಿಂತ ಎಷ್ಟೋ ಹೆಚ್ಚು. ಹಿಂದೆ ಎಷ್ಟೋ ಕಡೆ ಇವನ್ನು ಹಕ್ಕಿಯ ಮೂಳೆ, ಮೊಲದ ಮೂಳೆ ಎಂದು ಬೇರೆ ಡಬ್ಬಿಗೆ ಹಾಕಿದ್ದುಂಟು. ನಮ್ಮ ಚೀಲದಲ್ಲೂ ಒಮ್ಮೆ ಹಾಗೆ ಚೀಟಿ ಬರೆದು ಬಂತು. ನಾನು ತೆಗೆದು ಬೇರೆ ಇಟ್ಟೆ. ಅದು ಮುಂದೋಳಿನ ಮೂಳೆ. ನಾವು ಡ್ರಿಪ್ ಹಾಕಲು ನರ ಹುಡುಕುವ ಜಾಗ.

ಹಲ್ಲಿನ ಮೊಳಕೆಯಲ್ಲಿ ಇನ್ನೊಂದು ಸಂಗತಿ ಇದೆ. ಹುಟ್ಟಿದ ಕ್ಷಣದ ಆಘಾತ ಹಲ್ಲಿನ ಎನಾಮಲ್‌ನಲ್ಲಿ ಒಂದು ಗೆರೆ ಬಿಡುತ್ತದೆ. ಆ ಗೆರೆ ಮೂಡಿ, ಅದರ ಆಚೆಗೂ ಎನಾಮಲ್ ಬೆಳೆದಿದ್ದರೆ ಕೂಸು ಸ್ವಲ್ಪ ದಿನ ಬದುಕಿತ್ತು ಎಂದರ್ಥ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಗೆರೆ. ನಾನು ಅಳೆದ 74 ಮಿಲಿಮೀಟರಿನ ಕೂಸಿನ ಹಲ್ಲು ಪರೀಕ್ಷೆಗೆ ಹೋಗಿದೆ. ಉತ್ತರ ಬಂದಿಲ್ಲ. ಬರಲಿ ಎಂದು ಕಾಯುತ್ತಿದ್ದೇನೆ. ಎರಡು ದಿನವೋ ಹತ್ತು ದಿನವೋ, ಯಾರದೋ ಎದೆಯ ಮೇಲೆ ಮಲಗಿತ್ತು ಎಂದು ಗೊತ್ತಾದರೆ ನನಗೆ ಸಮಾಧಾನ.

ಪೈಪಿನ ದಾರಿಗೆ ಅಡ್ಡ ಬಂದ ಗೋರಿಗಳನ್ನಷ್ಟೇ ತೆರೆದರು. ಸಣ್ಣ ಗೋರಿಗಳ ಸಾಲು ಕಂದಕದ ಅಂಚಿನ ಆಚೆಗೂ ಮುಂದುವರಿದಿರುವುದು ಕಾಣುತ್ತಿತ್ತು. ಅವನ್ನು ಮುಟ್ಟಲಿಲ್ಲ. ಅದು ನನಗೆ ಸರಿ ಅನ್ನಿಸಿತು. ತೆಗೆದವರನ್ನು ಅಧ್ಯಯನ ಮುಗಿದ ಮೇಲೆ ಅದೇ ಊರಿನಲ್ಲಿ ಮತ್ತೆ ಹೂಳುತ್ತಾರೆ. ಕೂಸುಗಳನ್ನು ಎಲ್ಲರ ಜೊತೆ ಒಂದೇ ಕಡೆ ಇಡಬೇಡಿ, ಈಗಿರುವ ಚರ್ಚಿನ ಗೋಡೆಯ ಪಕ್ಕ ಇಡಿ ಎಂದು ಬರೆದುಕೊಟ್ಟಿದ್ದೇನೆ. ಆ ಮಾಡಿನ ಅಂಚಿಗೆ ಈಗ ನೀರುದೋಣಿ ಕಟ್ಟಿದ್ದಾರೆ, ಹನಿ ಕೆಳಗೆ ಬೀಳುವುದಿಲ್ಲ. ಆದರೂ ಅಲ್ಲೇ ಇಡಿ ಎಂದು ಬರೆದೆ.

ಕೊನೆಯ ದಿನ ಕಂದಕ ಮುಚ್ಚುವಾಗ ಮಳೆ ಹಿಡಿಯಿತು. ತೆರೆದಿಟ್ಟ ನೆಲದ ಮೇಲೆ ಬಿಳಿ ಬಟ್ಟೆ ಹಾಸಿ, ಯಂತ್ರ ಬರುವ ಮೊದಲು ಮೊದಲ ಪದರದ ಮಣ್ಣನ್ನು ಕೈಯಿಂದಲೇ ಹಾಕಿದರು. ನಾನೂ ಒಂದು ಬುಟ್ಟಿ ಹಾಕಿದೆ. ಅಲ್ಲಿಂದ ನೇರ ರಾತ್ರಿ ಪಾಳಿಗೆ ಹೋಗಬೇಕಿತ್ತು. ಆಸ್ಪತ್ರೆಯಲ್ಲೇ ತಲೆಗೆ ಸ್ನಾನ ಮಾಡಿ, ಕೂದಲು ಒದ್ದೆ ಇರುವಾಗಲೇ ಘಟಕದೊಳಗೆ ಹೋದೆ. ಆ ರಾತ್ರಿ ನನ್ನ ಪಾಲಿಗೆ ಮೂರು ಕೂಸುಗಳು. ಬೆಳಿಗ್ಗೆ ಏಳೂವರೆಗೆ ಮೂರನ್ನೂ ಹಗಲಿನ ನರ್ಸಿಗೆ ಒಪ್ಪಿಸಿದೆ. ಚಿಕ್ಕದು ಆಗ ತಾನೇ ಹಾಲು ಕುಡಿದು ಮಲಗಿತ್ತು.